ಬಸಲವ್ವ ಎಂಬ ಎಂಜಿನ್

ಹಳಿಯಾಳದ ಬಸ್‌ಸ್ಟ್ಯಾಂಡಿನಲ್ಲಿ ಹಳೇ ಟ್ರ್ಯಾಕ್ಟರೊಂದು ಸುಟ್ಟೆಣ್ಣೆಯ ಹೊಗೆ ಬಿಟ್ಟರೆ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ನಾನು ಎಳೆದುಕೊಳ್ಳುತ್ತೇನೆ. ಅದು ತೇರಗಾಂವದ ನಮ್ಮ ಹಿಟ್ಟಿನ ಗಿರಣಿಯ ವಾಸನೆ. ನಮ್ಮ ಅಬ್ಬಾ ಬೆಳಗಾವಿಯ ಹಳೇ ಕಬ್ಬಿಣದವರಿಂದ ತಂದ ಜರ್ಮನ್ ಎಂಜಿನ್ ಅಲ್ಲಿತ್ತು. ಮೈಮೇಲೆ ಎರಕದ ಅಕ್ಷರದಲ್ಲಿ ಬ್ರೆಸ್ಲಾವ್ ಎಂದು ಊರ ಹೆಸರು. ಹೆಂಗಸರ ಬಾಯಲ್ಲಿ ಅದು ಬಸಲವ್ವ ಆಯಿತು. ಕಾಳು ಹೊತ್ತು ಬಂದವರು ಮೊದಲು ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ನಮಾಜು ತಪ್ಪಿಸದ ಅಬ್ಬಾ ಬೇಡ ಅನ್ನಲಿಲ್ಲ. ಕುಂಕುಮದಿಂದ ಎಂಜಿನ್ ಕೆಡುವುದಿಲ್ಲ, ನೀರು ಬಿದ್ದರೆ ಕೆಡುತ್ತದೆ ಅನ್ನುತ್ತಿದ್ದ.

ಅಬ್ಬಾ ಸತ್ತ. ಅಮ್ಮ ಗಂಡ ಸತ್ತವರು ಹಿಡಿಯುವ ನಾಲ್ಕು ತಿಂಗಳು ಹತ್ತು ದಿನದ ಇದ್ದತ್ತು ಹಿಡಿದು ಮನೆಯೊಳಗೆ ಕುಳಿತಳು, ಎಂಜಿನ್ ತಣ್ಣಗಾಯಿತು. ಇದ್ದತ್ತು ಮುಗಿದು ಅಮ್ಮ ಹೊರಗೆ ಬಂದ ದಿನವೇ ಅಬ್ಬಾನ ತಮ್ಮ, ನಮ್ಮ ಚಾಚಾ, ಹಳಿಯಾಳದಿಂದ ಗುಜರಿಯವನ ಗಾಡಿ ಕರೆತಂದ. ಎಂಜಿನ್ ಹೋದರೆ ನಾವೆಲ್ಲ ಅವನ ಹಿತ್ತಲಲ್ಲಿ ಹಾಕಿದ್ದು ಉಂಡು ಬಿದ್ದಿರಬೇಕಾಗಿತ್ತು. ಜೋಳವನ್ನು ಹಳಿಯಾಳದವರೆಗೆ ಹೊತ್ತು ಸಾಕಾಗಿದ್ದ ಹೆಂಗಸರು ಬುಟ್ಟಿ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದರು, ಸಾಲಿ ಮಾಸ್ತರರೂ ಇದ್ದರು. ಈ ಬ್ರೆಸ್ಲಾವ್ ಎಲ್ಲಿದೆ ಎಂದು ಚಾಚಾ ಅವರನ್ನು ಕೇಳಿದ. ಅವರು ತಿಳಿದದ್ದು ಹೇಳಿದರು. ಜರ್ಮನಿಯ ಮೂಡಣ ಅಂಚಿಗೆ ಸೈಲೀಸಿಯಾ ಎಂಬ ಪ್ರಾಂತ್ಯವಿತ್ತಂತೆ. ನೆಲದಡಿ ಕಲ್ಲಿದ್ದಲು, ನಡುವೆ ಓಡರ್ ಎಂಬ ಹೊಳೆ, ಹೊಳೆಯ ದಂಡೆಗೆ ಅದರ ದೊಡ್ಡ ಊರು ಬ್ರೆಸ್ಲಾವ್. ಎರಡನೇ ಮಹಾಯುದ್ಧ ಸೋತ ಮೇಲೆ ಆ ಸೀಮೆ ಪೋಲೆಂಡಿನ ಪಾಲಾಯಿತು, ಜರ್ಮನರನ್ನು ಹೊರಡಿಸಿದರು, ಊರಿಗೆ ಬೇರೆ ಹೆಸರು ಬಂತು. ಚಾಚಾನಿಗೆ ಅಷ್ಟೇ ಬೇಕಾಗಿತ್ತು. ಎಲ್ಲರಿಗೂ ಕೇಳಲಿ ಎಂದು ಉರ್ದು ಬಿಟ್ಟು ಕನ್ನಡದಲ್ಲೇ ಹೇಳಿದ.

"ಕೇಳಿದ್ರೇನು ಭಾಬಿ? ಮಾಡಿದ ಊರ ನಕಾಶದಾಗ ಇಲ್ಲ. ರಿಪೇರಿ ಸಾಮಾನ ಯಾರ ಕೊಡ್ತಾರ? ಗಾಡಿಗೆ ಹಾಕೂಣು."

ಅಮ್ಮ ಎಂಜಿನ್ನಿನ ಮೇಲಿನ ಧೂಳು ಒರೆಸುತ್ತ ಅಂದಳು, "ಪ್ರಾಂತ್ಯ ಹೋತು, ಮಂದಿ ಹೋದ್ರು, ಹೆಸರೂ ಹೋತು. ಉಳದದ್ದು ಇದೊಂದು. ಇದನ್ನೂ ಕಳಸ್ತಿಯೇನಪಾ?"

ಹೆಂಗಸಿನ ಕೈಗೆ ಅದು ಚಾಲೂ ಆಗುವುದಿಲ್ಲ ಎಂದು ಚಾಚಾ ನಕ್ಕ. ಬುಟ್ಟಿಯ ಪಕ್ಕದಲ್ಲಿ ಕೂತಿದ್ದ ಮುದುಕಿ ಗಂಗವ್ವ ಎದ್ದು ಬಂದಳು.

"ಬಸಲವ್ವ ಏನ ಗಂಡಸೇನೋ? ಸರಿ ಅತ್ತಾಗ."

ಅಮ್ಮ ಸೆರಗು ಸಿಕ್ಕಿಸಿ ಹ್ಯಾಂಡಲ್ ಹಿಡಿದಳು, ಗಂಗವ್ವ ಅದಕ್ಕೇ ಕೈ ಹಚ್ಚಿದಳು. ಎಂಜಿನ್ ಕೆಮ್ಮಿ ನಿಂತಿತು. ಗುಜರಿಯವನು ಹಗ್ಗ ಬಿಚ್ಚತೊಡಗಿದ. ಮತ್ತೆ ತಿರುವಿದರು, ಮತ್ತೆ ಕೆಮ್ಮಿತು. ಅಮ್ಮನ ಅಂಗೈ ಸುಲಿದಿತ್ತು, ಬಿಡಲಿಲ್ಲ. ಆಮೇಲೆ ಒಮ್ಮೆ ಹಿಡಿದುಕೊಂಡಿತು ನೋಡಿ, ಮಾಳಿಗೆಯ ತಗಡು ನಡುಗಿತು, ಗಿರಣಿ ತಿರುಗಿಸುವ ಪಟ್ಟಾ ಪಟಪಟ ಬಡಿಯಿತು, ಇಷ್ಟು ದಿನ ಒಳಗಿದ್ದ ಕರೀ ಹೊಗೆಯೆಲ್ಲ ಚಾಚಾನ ಬಿಳಿ ಜುಬ್ಬಾದ ಮೇಲೆ ಬಿತ್ತು. ಹೆಂಗಸರು ಬುಟ್ಟಿ ಎತ್ತಿಕೊಂಡು ಒಳಗೆ ನುಗ್ಗಿದರು. ಮೊದಲು ಗಾಡಿ ತಿರುಗಿಸಿದವನು ಗುಜರಿಯವನು.

ನಾವು ಯಾರ ಹಿತ್ತಲಿಗೂ ಹೋಗಲಿಲ್ಲ. ಅದೇ ಎಂಜಿನ್ನಿನ ಮೇಲೆ ಅಮ್ಮ ನಮ್ಮನ್ನೆಲ್ಲ ದೊಡ್ಡವರನ್ನಾಗಿ ಮಾಡಿದಳು. ಕರೆಂಟಿನ ಗಿರಣಿ ಬಂದ ಮೇಲೆ ಎಂಜಿನ್ ಹೋಯಿತು, ಅಮ್ಮನೂ ಹೋದಳು. ಆ ಜಾಗದಲ್ಲಿ ಈಗ ಕಬ್ಬಿನ ಗಾಡಿಗಳು ನಿಲ್ಲುತ್ತವೆ. ದುಡಿದು ಹೋದವರಿಗೆ ಅಳುವುದೇನಿದೆ. ಆದರೂ ಆ ಓಡರ್ ಹೊಳೆದಂಡೆಯಿಂದ ಹೊರಬಿದ್ದ ಮುದುಕಿಯೊಬ್ಬಳು ಎಲ್ಲಾದರೂ ನನ್ನ ಹಾಗೆ ಕೂತಿದ್ದರೆ, ಅವಳಿಗೆ ಇಷ್ಟು ತಿಳಿಯಬೇಕು: ನಕಾಶದವರು ಅಳಿಸಿದ ನಿಮ್ಮೂರ ಹೆಸರನ್ನು ತೇರಗಾಂವದ ಹೆಂಗಸರು ದಿನಾ ಕರೆದು, ಕೈ ಮುಗಿದು, ರೊಟ್ಟಿ ತಿಂದರು.