ಹೋ ಹೋ ಎಂದರೂ ನಿಲ್ಲದ ಗಾಡಿ

ಚಿಕ್ಕೋಡಿಯಿಂದ ರಾಯಬಾಗದ ಕಡೆ ಹೊರಡುವ ಸಂಜೆಯ ಬಸ್ಸಿನಲ್ಲಿ ನೀವು ನನ್ನ ಪಕ್ಕ ಕೂತಿದ್ದರೆ ಒಂದು ವಿಚಿತ್ರ ನಿಮ್ಮ ಕಣ್ಣಿಗೆ ಬೀಳುತ್ತಿತ್ತು. ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ಕಿಟಕಿಯಿಂದ ಹಸಿ ಕಬ್ಬಿನ ವಾಸನೆ ಒಳಗೆ ಬಂತೆಂದರೆ ಸಾಕು, ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತತೊಡಗುತ್ತದೆ. ಮೊನ್ನೆ ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಬಹಳ ಹೊತ್ತು ನೋಡಿ, "ಸರ, ಕಾಲ ಹಿಡ್ಕೊಂಡೈತೇನ್ರಿ?" ಎಂದು ಕೇಳಿದಳು. ಹೌದೆಂದೆ. ಬ್ರೇಕು ಹಾಕುತ್ತಿದ್ದೇನೆ ಎಂದು ಹೇಳಲು ಬರುತ್ತದೆಯೇ? ಆಕೆ ಒಂದು ಎಣ್ಣೆಯ ಹೆಸರು ಹೇಳಿ, ಅದನ್ನು ಎಷ್ಟು ಬೆಚ್ಚಗೆ ಮಾಡಿ ಹಚ್ಚಬೇಕೆಂಬುದನ್ನೂ ವಿವರಿಸಿದಳು. ಕಾಲೇಜಿನಲ್ಲಿ ಪಾಠ ಹೇಳುವ ನಾನು ವಿಧೇಯ ವಿದ್ಯಾರ್ಥಿಯಂತೆ ತಲೆಯಾಡಿಸಿದೆ.

ನನ್ನ ಅಪ್ಪ ಕಾರು ಕಲಿತದ್ದು ಅರವತ್ಮೂರನೆಯ ವಯಸ್ಸಿನಲ್ಲಿ. ಕಲಿಸಿದವನು ನಾನು.

ಅಲ್ಲಿಯವರೆಗೆ ಅವನು ಹೊಡೆದದ್ದು ಚಕ್ಕಡಿ ಒಂದನ್ನೇ. ನಮ್ಮೂರು ದಿಗ್ಗೇವಾಡಿಯಲ್ಲಿ ಅವನ ಓರಗೆಯವರೆಲ್ಲ ಟ್ರ್ಯಾಕ್ಟರು ತಂದರೂ ಅಪ್ಪ ಎತ್ತು ಬಿಡಲಿಲ್ಲ. ಅವನು ಚಕ್ಕಡಿ ನಿಲ್ಲಿಸುವುದನ್ನು ನೋಡಬೇಕಿತ್ತು. ಹಗ್ಗವನ್ನು ಎದೆಯವರೆಗೆ ಜಗ್ಗಿ, ಮೈಯನ್ನು ಹಿಂದಕ್ಕೆ ಚೆಲ್ಲಿ, ಬಲಗಾಲನ್ನು ಮುಂದಿನ ಹಲಗೆಗೆ ಗಟ್ಟಿಯಾಗಿ ಒದ್ದು ಹಿಡಿದು "ಹೋ... ಹೋ..." ಎನ್ನುತ್ತಿದ್ದ. ಎಂಥ ಇಳಿಜಾರಿನಲ್ಲೂ ಎತ್ತುಗಳು ನಿಲ್ಲುತ್ತಿದ್ದವು. ಚಿಕ್ಕಂದಿನಲ್ಲಿ ನನಗೆ, ಜಗತ್ತಿನ ಓಡುವ ವಸ್ತುಗಳೆಲ್ಲ ಅಪ್ಪನ ಆ ಎರಡು ಅಕ್ಷರಕ್ಕೆ ನಿಲ್ಲುತ್ತವೆ ಎಂದೇ ನಂಬಿಕೆ.

ಮುದಿ ಎತ್ತುಗಳೂ ಹೋದ ಮೇಲೆ ಅಪ್ಪ ಕಟ್ಟೆಯ ಮೇಲೆ ಸುಮ್ಮನೆ ಕೂರತೊಡಗಿದ. ನನಗೆ ಅದನ್ನು ನೋಡಲಾಗಲಿಲ್ಲ. ನನ್ನ ಹಳೆಯ ಕಾರು ಇತ್ತಲ್ಲ, ರವಿವಾರಕ್ಕೊಮ್ಮೆ ಕಾಲುವೆಯ ದಂಡೆಯ ಮಣ್ಣುರಸ್ತೆಗೆ ಕರೆದೊಯ್ದು ಕಲಿಸಿದೆ. ಅವ್ವನಿಗೆ ಇದಕ್ಕೆ ಮನಸ್ಸಿರಲಿಲ್ಲ. ಜೀವಮಾನದಲ್ಲಿ ಸೈಕಲ್ಲನ್ನೂ ತುಳಿಯದ ಅವಳು, ಯಾರೋ ಹೊಡೆಯುವ ಗಾಡಿಯಲ್ಲಿ ಸೆರಗು ಹೊದ್ದು ಕೂತೇ ಬಂದವಳು. "ಎತ್ತಿಗೆ ತನ್ನ ಜೀವದ ಹೆದರಿಕಿ ಇರತೈತಿ. ಇದಕ್ಕ ಏನೈತಿ?" ಎಂದಿದ್ದಳು. ಕಲಿಯದವರ ಮಾತೆಂದು ನಾನು ನಕ್ಕೆ.

ಮೂರನೆಯ ರವಿವಾರ ದಂಡೆಯ ಮೇಲೆ ಒಂದು ಆಡು ಅಡ್ಡ ಬಂತು. ಅಪ್ಪ ಸ್ಟೇರಿಂಗನ್ನು ಎರಡೂ ಕೈಯಿಂದ ಎದೆಗೆ ಜಗ್ಗಿ, ಹಿಂದಕ್ಕೆ ವಾಲಿ, ಬಲಗಾಲು ಒತ್ತಿ "ಹೋ... ಹೋ..." ಎಂದ. ಕಾಲಡಿ ಇದ್ದದ್ದು ಆಕ್ಸಿಲರೇಟರು. ಪಕ್ಕದಲ್ಲಿದ್ದ ನಾನು ಹ್ಯಾಂಡ್‌ಬ್ರೇಕು ಎಳೆದೆ. ಕಾರು ಮುಗ್ಗರಿಸಿ ನಿಂತಿತು, ಆಡು ಉಳಿಯಿತು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಮನೆಗೆ ಬಂದು ಅವ್ವನಿಗೆ ಅಭಿನಯಿಸಿ ತೋರಿಸಿದೆ, ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಕಾಲೇಜಿನಲ್ಲಿ ಸಹೋದ್ಯೋಗಿಗಳಿಗೆ ಇದನ್ನು ವಾರಗಟ್ಟಲೆ ಹೇಳಿದೆ. ಪ್ರತಿ ಸಲ ಸ್ವಲ್ಪ ಉಪ್ಪುಖಾರ ಸೇರಿಸಿದೆ. ಮಾಡದೆ ಬಿಟ್ಟದ್ದು ಒಂದೇ: ಅಪ್ಪನನ್ನು ಕೂರಿಸಿಕೊಂಡು, ಆ ಅಭ್ಯಾಸ ಹೋಗುವ ತನಕ ಮತ್ತೆ ಮತ್ತೆ ತಿದ್ದುವುದು. ಆಮೇಲೆ ಪರೀಕ್ಷೆ ಕೊಟ್ಟ, ಪಾಸಾದ, ಲೈಸೆನ್ಸು ಬಂತು. ಎರಡು ವರ್ಷ ಯಾವ ಆಡೂ ಅಡ್ಡ ಬರಲಿಲ್ಲ.

ಹೋದ ವರ್ಷ ಕಬ್ಬು ಕಡಿಯುವ ಕಾಲ. ಕಾಗವಾಡದಲ್ಲಿ ಅವ್ವನ ಚಿಕ್ಕಪ್ಪನ ಮಗ ತೀರಿಕೊಂಡಿದ್ದ. ಮನೆಯವರನ್ನು ಮಾತಾಡಿಸಿ ಬರಲು ಮೂವರೂ ಹೋಗಿದ್ದೆವು. ಸೂತಕದ ಮನೆಯಲ್ಲಿ ಏನೂ ತಿನ್ನುವ ಹಾಗಿಲ್ಲ. ಅವ್ವನಿಗೆ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ನೀರೂ ಇಲ್ಲ. ನಮ್ಮ ಜೈನರ ಮನೆಗಳಲ್ಲಿ ಈ ನೇಮವನ್ನು ನನ್ನಂಥವರು ಸಡಿಲ ಬಿಟ್ಟರೂ ಅವಳು ಒಂದು ದಿನವೂ ಬಿಟ್ಟವಳಲ್ಲ. ಅಳುವವರ ನಡುವೆ ಗಡಿಯಾರ ನೋಡಲಾಗದೆ ಹೊರಡುವುದು ತಡವಾಯಿತು. ಅಪ್ಪ ತಾನೇ ಹೊಡೆಯುತ್ತೇನೆಂದ. ಹಿಂದೆ ಕೂತರೆ ಅವ್ವನಿಗೆ ಹೊಟ್ಟೆ ತೊಳಸುತ್ತದೆ, ಆದ್ದರಿಂದ ಅವಳು ಮುಂದೆ. ನಾನು ಅವಳ ಹಿಂದಿನ ಸೀಟಿನಲ್ಲಿ ಕೂತೆ. ಶಿಷ್ಯನ ಸಾರಥ್ಯದಲ್ಲಿ ಗುರುವಿಗೆ ಸ್ವಲ್ಪ ತೂಕಡಿಕೆಯೂ ಬಂದಿತ್ತು.

ಕೃಷ್ಣೆಯ ಸೇತುವೆ ದಾಟಿದ ಮೇಲೆ ಸೂರ್ಯ ನೇರ ಎದುರಿಗೆ ಬಂದ. ಅವ್ವ ಸಾವಕಾಶ ಹೊಡೆಯಿರೆಂದಳು, ಒಂದು ದಿನ ಉಪವಾಸವಿದ್ದರೆ ತಾನೇನೂ ಸಾಯುವುದಿಲ್ಲವೆಂದಳು. ಅಪ್ಪ, "ಮುಂಜಾನಿಂದ ಹಸ್ಕೊಂಡಿದ್ದಿ. ಹೊತ್ತ ಮುಳಗೂದ್ರಾಗ ಮನಿ ಮುಟ್ಟಸ್ತೇನಿ, ಸುಮ್ ಕುಂಡ್ರ" ಎಂದ. ಅಷ್ಟು ವರ್ಷದ ಸಂಸಾರದಲ್ಲಿ ಅವನು ಅವಳ ಹಸಿವಿನ ಬಗ್ಗೆ ಆಡಿದ್ದು ನಾನು ಕೇಳಿದ್ದು ಅದೊಂದೇ ಸಲ.

ಎದುರಿನ ಬೆಳಕಿನೊಳಗಿಂದ ಒಂದು ಟ್ರೇಲರು ಮೂಡಿತು. ಹಿಂದೆ ಕೆಂಪು ದೀಪವಿಲ್ಲ, ಹೊರಗೆ ಚಾಚಿದ ಕಬ್ಬು. ಅದು ನಿಂತಿತ್ತು. "ಹೋ... ಹೋ..." ಎಂದ ಅಪ್ಪ. ನಾನು ಹ್ಯಾಂಡ್‌ಬ್ರೇಕಿಗೆ ಬಗ್ಗಿ ಕೈ ಚಾಚಿದೆ. ಆಗಲೇ ಅವನ ಬಲಗಾಲು ಕಂಡಿತು. ಹಲಗೆಗೆ ಒದ್ದ ಹಾಗೆ ಪೂರ್ತಿ ನೆಟ್ಟಗಾಗಿತ್ತು, ಎಂಜಿನ್ನು ಚೀರುತ್ತಿತ್ತು. ನನ್ನ ಕೈಗೂ ಹ್ಯಾಂಡ್‌ಬ್ರೇಕಿಗೂ ಒಂದು ಗೇಣು ಅಂತರ. ಆ ಗೇಣನ್ನು ನಾನು ದಿನವೂ ಅಳೆಯುತ್ತೇನೆ.

ಕಬ್ಬು ಅವ್ವನ ಕಡೆಯ ಗಾಜಿನಿಂದ ಒಳಗೆ ಬಂತು. ಇದಕ್ಕಿಂತ ಹೆಚ್ಚು ನಿಮಗೆ ಹೇಳಲಾರೆ.

ಆಸ್ಪತ್ರೆಯ ಬಾಗಿಲಲ್ಲಿ, ಒಳಗಿನಿಂದ ಸುದ್ದಿ ಬಂದ ಮೇಲೆ, ಅಪ್ಪ ನನ್ನ ತೋಳು ಹಿಡಿದ. "ತಮ್ಮಾ, ನಾ ಬ್ರೇಕ್ ಒತ್ತಿದ್ನಲ್ಲೊ?"

"ಒತ್ತಿದ್ದಿ ಅಪ್ಪಾ. ಅದು ಹಿಡೀಲಿಲ್ಲ."

ಆ ಕ್ಷಣದಲ್ಲಿ ನೀವಾದರೂ ಇದನ್ನೇ ಹೇಳುತ್ತಿದ್ದಿರಿ ಎಂದುಕೊಂಡು ಇಷ್ಟು ದಿನ ಕಳೆದೆ. ಆದರೆ ಸುಳ್ಳಿಗೂ ಎತ್ತಿನ ಹಾಗೆ ನಿಲ್ಲುವ ಬುದ್ಧಿ ಇರುವುದಿಲ್ಲ. ಕಾರು ದುರಸ್ತಿ ಮಾಡುತ್ತಿದ್ದ ಮಿಸ್ತ್ರಿಯನ್ನು ಅಪ್ಪ ಸಂತೆಯಲ್ಲಿ ಎಲ್ಲರೆದುರು ಬೈದ. ಆ ಬಡಪಾಯಿ ನಮ್ಮ ಮನೆಗೆ ಬಂದು ದೇವರಾಣೆ ಮಾಡಿ ಅತ್ತ. ನಾನು ಅವನಿಗೆ ಚಹಾ ಕೊಟ್ಟು ಕಳಿಸಿದೆ, ಮತ್ತೇನೂ ಕೊಡಲಿಲ್ಲ. ವರ್ಷ ತುಂಬಿತು. ಮೊನ್ನೆ ರವಿವಾರ ಅಪ್ಪ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತು, ಎಷ್ಟೋ ತಿಂಗಳ ನಂತರ ಗೆಲುವಾಗಿ ಮಾತಾಡಿದ. ಹೊಸದೊಂದು ಗಾಡಿ ನೋಡಿ ಬಂದಿದ್ದನಂತೆ. ಬ್ರೇಕನ್ನು ತಾನೇ ಮೂರು ಸಲ ಒತ್ತಿ ಪರೀಕ್ಷಿಸಿದನಂತೆ. "ನಿನ್ನ ಮಗಳನ್ನ ನಾನ ದಿನಾ ಸಾಲಿಗೆ ಬಿಟ್ಟ ಬರ್ತೇನಿ. ಮುಂದ ಕುಂಡರ್ತೇನಿ ಅಂದಾಳ ಅಕಿ."

ನನ್ನ ಮಗಳಿಗೆ ಎಂಟು ವರ್ಷ.

ಹೇಳಿದೆ. ಬ್ರೇಕಿನ ತಪ್ಪಲ್ಲವೆಂದೆ, ಕಾಲು ಅದರ ಮೇಲೆ ಇರಲೇ ಇಲ್ಲವೆಂದೆ, ಆಡು ಬಂದ ದಿನದ ಹಾಗೆಯೇ ಆಯಿತೆಂದೆ. ಅಪ್ಪ, "ಯಾವ ಕಾಲು?" ಎಂದು ಕೇಳಿದ. ಬಲಗಾಲೆಂದೆ. ಅವನು ಅದನ್ನು ಮೆಲ್ಲಗೆ ಮಂಚದ ಮೇಲೆ ಎತ್ತಿಕೊಂಡು ಧೋತರದೊಳಗೆ ಮುಚ್ಚಿದ. ಬೇರೆಯವರ ಮನೆಯಲ್ಲಿ ತಪ್ಪು ಮಾಡಿದ ಕೂಸನ್ನು ತಾಯಿ ಸೆರಗಿನೊಳಗೆ ಎಳೆದುಕೊಳ್ಳುತ್ತಾಳಲ್ಲ, ಹಾಗೆ.

ಮಾರನೆಯ ದಿನ ಮಿಸ್ತ್ರಿಯ ಮನೆಗೆ ನಡೆದುಕೊಂಡೇ ಹೋಗಿ ಬಂದ. ಅಲ್ಲಿ ಏನಾಯಿತೆಂದು ಹೇಳಲಿಲ್ಲ. ಬಂದು ಒಂದೇ ಪ್ರಶ್ನೆ ಕೇಳಿದ: "ನಿಮ್ಮವ್ವಗ ಗೊತ್ತಾಗಿತ್ತೇನೋ?"

ಅಪ್ಪ "ಹೋ" ಎಂದಾಗ ಅವ್ವ ಕಬ್ಬಿನ ಕಡೆ ನೋಡುತ್ತಿರಲಿಲ್ಲ. ಆಡಿನ ಕಥೆ ಕೇಳಿ ನಕ್ಕವಳಲ್ಲವೇ, ಆ ಎರಡು ಅಕ್ಷರದ ಅರ್ಥ ಅವಳಿಗೆ ತಿಳಿದಿತ್ತು. ಅವಳು ತಿರುಗಿ ಅವನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲಪಾ," ಎಂದೆ. "ಅಕಿ ಕಣ್ಣ ಮುಚ್ಚಿದ್ಲು. ನಿದ್ದಿ ಹತ್ತಿತ್ತು."

ಈ ಸುಳ್ಳನ್ನು ನಂಬಿ ಯಾರೂ ಗಾಡಿ ಹೊಡೆಯುವುದಿಲ್ಲ. ಆದ್ದರಿಂದ ಇದನ್ನು ಹೀಗೇ ಇಟ್ಟುಕೊಳ್ಳುತ್ತೇನೆ, ನಿಮ್ಮೊಬ್ಬರಿಗೆ ಹೇಳಿದ್ದೇನೆ.

ಇವತ್ತೂ ಬಸ್ಸು ಟ್ರ್ಯಾಕ್ಟರಿನ ಹಿಂದೆಯೇ ಇದೆ. ಕಾಲು ಒತ್ತುತ್ತಿದೆ, ಒತ್ತಲಿ. ಸೂರ್ಯ ಇಳಿಯಲು ಇನ್ನೂ ಸ್ವಲ್ಪ ಹೊತ್ತಿದೆ. ಅವ್ವನ ನೇಮವನ್ನು ಈಗ ಅಪ್ಪ ಹಿಡಿದಿದ್ದಾನೆ. ಮನೆಯಲ್ಲಿ ಅವನು ಬಲಗಾಲನ್ನು ಧೋತರದೊಳಗೆ ಮಡಚಿ, ಊಟಕ್ಕೆ ಕೂತಿರುತ್ತಾನೆ.