ಡಬ್ಬಿಯ ಮೇಲಿನ ಕೆಂಪು ಟೇಪು

ಮೊನ್ನೆ ಹಳೆಯ ಹೆಡ್‌ಫೋನಿನ ಚೀಲ ಕೊಡವುವಾಗ ಕೆಂಪು ಟೇಪಿನ ಸುರುಳಿಯೊಂದು ಕೆಳಗೆ ಬಿತ್ತು. ಅಂಟು ಒಣಗಿತ್ತು. ಮೂಗಿನ ಹತ್ತಿರ ಹಿಡಿದರೆ ಅದೇ ವಾಸನೆ… ಗ್ರೇಟರ್ ನೋಯ್ಡಾದಲ್ಲಿ ನಾನು ಸಿನಿಮಾ ಓದಿದ ಕಾಲೇಜಿನ ಸ್ಟೋರ್ ರೂಮಿನ ವಾಸನೆ. ಸುರುಳಿ ಅಲ್ಲಿನ ಸ್ಟೋರ್ ಅಂಕಲ್‌ರದು. ನಾನು ವಾಪಸ್ ಕೊಟ್ಟಿರಲಿಲ್ಲ.

ಕ್ಯಾಮೆರಾ, ಮೈಕು, ಕೇಬಲ್ಲು ಎಲ್ಲ ಅವರ ವಶದಲ್ಲಿರುತ್ತಿದ್ದವು. ವಿದ್ಯಾರ್ಥಿಗಳೆಲ್ಲ ಹುಟ್ಟಾ ಕಳ್ಳರೆಂದು ನಂಬಿದ್ದ ಮನುಷ್ಯ. ನಾವು ತಂದುಕೊಟ್ಟ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಮೇಲೆ ನಮ್ಮ ಮುಖವನ್ನೂ ಹಾಗೆಯೇ ನೋಡುತ್ತಿದ್ದರು. ನಮಗೇನು ಅವರ ಮೇಲೆ ಗುಮಾನಿ ಕಡಿಮೆ ಇತ್ತೇ? ಸಂಜೆ ಫರೀದಾಬಾದಿನ ಮನೆಗೆ ಹೊರಡುವಾಗ ಅವರ ಚೀಲ ಬೆಳಗ್ಗೆಗಿಂತ ದಪ್ಪಗಿರುತ್ತಿತ್ತು. ಅದರಲ್ಲಿ ಏನು ಸಾಗಿಸುತ್ತಾರೆಂದು ಕ್ಯಾಂಟೀನಿನಲ್ಲಿ ಕೂತು ದಿನಕ್ಕೊಂದು ಕತೆ ಕಟ್ಟುತ್ತಿದ್ದೆವು.

ಆದರೂ ಕೈಕೆಲಸ ಕಲಿತದ್ದು ಅವರಿಂದಲೇ. ಕೇಬಲ್ಲು ಸಿಕ್ಕಾಗದಂತೆ ಸುತ್ತುವುದು, ಎಲ್ಲದರದ್ದೂ ಎರಡೆರಡು ಪ್ರತಿ ಇಡುವುದು… ಮತ್ತೆ ಆ ಟೇಪಿನ ನಿಯಮ. ಶೂಟ್ ಆದ ಮೆಮೊರಿ ಕಾರ್ಡನ್ನು ಡಬ್ಬಿಗೆ ಹಾಕಿ ಮೇಲೆ ಕೆಂಪು ಟೇಪು ಅಂಟಿಸಬೇಕು. ಟೇಪು ಇದ್ದರೆ ಯಾರೂ ಮುಟ್ಟುವಂತಿಲ್ಲ. ಇಲ್ಲದಿದ್ದರೆ ಅದು ಖಾಲಿಯೆಂದು ಅಳಿಸಿ ಮುಂದಿನ ತಂಡಕ್ಕೆ ಕೊಡುತ್ತಿದ್ದರು.

ನಮ್ಮ ಚಿತ್ರ ರೋಹಿಣಿ ಬಡಾವಣೆಯಲ್ಲಿದ್ದ ಒಬ್ಬ ನಿವೃತ್ತ ನರ್ಸಮ್ಮನ ಕುರಿತದ್ದು. ತುಮಕೂರಿನ ಕಡೆಯವರು, ದೆಹಲಿಗೆ ಬಂದು ಒಂದು ಆಯುಷ್ಯವೇ ಕಳೆದಿತ್ತು. ಆ ದಿನ ಬೆಳಗ್ಗೆ, ಮೂರು ಭೇಟಿಯಲ್ಲಿ ಒಮ್ಮೆಯೂ ಬಾಯಿಬಿಡದಿದ್ದ ತಮ್ಮ ಮಗಳ ಸಾವಿನ ಮಾತನ್ನು ಅವರು ತಾವಾಗಿಯೇ ಕ್ಯಾಮೆರಾ ಮುಂದೆ ಆಡಿದರು. ಕ್ಯಾಮೆರಾ ಹಿಡಿದಿದ್ದ ರಾಯಚೂರಿನ ಗೆಳೆಯ ಕಣ್ಣೊರೆಸಿಕೊಂಡ. ಕಾರ್ಡನ್ನು ನಾಲ್ಕನೇ ನಂಬರಿನ ಡಬ್ಬಿಗೆ ಹಾಕಿ ನನ್ನ ಕೈಯಾರೆ ಟೇಪು ಅಂಟಿಸಿದೆ.

ಅಂದು ಆಯುಧಪೂಜೆ. ಮಧ್ಯಾಹ್ನ ಕಾಲೇಜಿಗೆ ಮರಳಿದ ಮೇಲೆ, ಅಪ್ಪ ಊರಲ್ಲಿ ಸ್ಕೂಟರನ್ನು ತೊಳೆದು ಪೂಜಿಸುವಂತೆ ನಾನೂ ಸಲಕರಣೆಗಳನ್ನೆಲ್ಲ ಒರೆಸಿ, ಸಾಲಾಗಿ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿದೆ. ಗೆಳೆಯ ತಮಾಷೆಗೆ ಫೋನಿನಲ್ಲಿ ಚಿತ್ರೀಕರಿಸುತ್ತ, "ಏನವಾ, ಟ್ರೈಪಾಡಿಗೂ ಕುಂಕುಮ ಹಚ್ಚಾಕತ್ತೀಯಲ್ಲ, ನನಗೂ ಒಂದೀಟು ಹಚ್ಚು" ಅಂದ. ಐದು ಗಂಟೆಗೆ ಎಲ್ಲವನ್ನೂ ಹಿಂದಿರುಗಿಸಲು ಸ್ಟೋರಿಗೆ ಓಡಿದೆ. ಅಂಕಲ್ ಡಬ್ಬಿಗಳನ್ನು ಮುಂದಿಟ್ಟು "ದೇಖ್ ಲೋ, ಬೇಟಾ" ಅಂದರು. ಹೊರಗೆ ಆಟೋ ಕಾಯುತ್ತಿತ್ತು; ಕಾರ್ಡಿನ ಪ್ರತಿ ನಾಳೆ ತೆಗೆದರಾಯಿತು ಎಂದುಕೊಂಡೆ. ನೋಡದೆಯೇ ರಿಜಿಸ್ಟರಿಗೆ ಸಹಿ ಗೀಚಿದೆ.

ಮರುದಿನ ನಮ್ಮ ಕಾರ್ಡು ಬೇರೆ ತಂಡದ ಕೈಯಲ್ಲಿತ್ತು. ಖಾಲಿ!

"ಟೇಪ್ ನಹೀಂ ಥಾ, ಬೇಟಾ," ಎಂದರು ಅಂಕಲ್. ಟೇಪು ಇರಲೇ ಇಲ್ಲವಂತೆ. ರಿಜಿಸ್ಟರ್ ತಿರುಗಿಸಿ ತೋರಿಸಿದರು. ನನ್ನ ಸಹಿಯ ಪಕ್ಕದಲ್ಲಿ ಹಿಂದಿಯಲ್ಲಿ ಬರೆದಿತ್ತು: ನಾಲ್ಕನೇ ಡಬ್ಬಿ, ಕುಂಕುಮ ಇದೆ, ಟೇಪು ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕಿಸಿಕೊಂಡ ಮೇಲೆ ತಮಗೆ ಬೇಕಾದಂತೆ ಬರೆದುಕೊಂಡಿದ್ದಾರೆ, ಟೇಪು ಕಿತ್ತವರೂ ಇವರೇ ಎಂದು ತೀರ್ಮಾನಿಸಿಬಿಟ್ಟೆ. ಗೆಳೆಯ, "ದುಡುಕಬ್ಯಾಡ, ಒಮ್ಮೆ ಸರಿಯಾಗಿ ಯೋಚ್ನೆ ಮಾಡು" ಅಂದ. ಅವನ ಮೇಲೂ ಅನುಮಾನ ಬಂತು. ಎರಡು ಪುಟದ ದೂರು ಬರೆದೆ. ಅದರಲ್ಲಿ ಆ ದಪ್ಪ ಚೀಲದ ವಿಷಯವನ್ನೂ ಸೇರಿಸಿದೆ.

ವಾರದೊಳಗೆ ಅವರನ್ನು ಸ್ಟೋರಿನಿಂದ ತೆಗೆದು ಗೇಟಿನಲ್ಲಿ ಹೆಸರು ಬರೆಯುವ ಕೆಲಸಕ್ಕೆ ಕೂರಿಸಿದರು. ಬೀಗದ ಕೈ ಒಪ್ಪಿಸುವ ದಿನ ಎಲ್ಲರೆದುರು ಅವರ ಚೀಲ ಸುರಿಸಿದರು. ನಾನೂ ಅಲ್ಲಿದ್ದೆ. ಕಿತ್ತುಹೋದ ಕೇಬಲ್ಲುಗಳು, ಬೆಸುಗೆ ಹಾಕುವ ಕಡ್ಡಿ, ತಿಂಡಿಯ ಡಬ್ಬಿ. ಕೆಟ್ಟವನ್ನು ಮನೆಗೆ ಒಯ್ದು ರಿಪೇರಿ ಮಾಡಿ ತರುತ್ತಿದ್ದರಂತೆ. ನಾನು ಅದನ್ನೂ ನಂಬಲಿಲ್ಲ.

ನರ್ಸಮ್ಮ ಎರಡನೇ ಸಲವೂ ಮಾತಾಡಿದರು, ಪಾಠ ಒಪ್ಪಿಸಿದಂತೆ. ಮಗಳ ವಿಷಯ ಬಂದಾಗ, "ಅದೊಂದು ಬೇಡ ಕಣಮ್ಮ, ಒಂದ್ಸಲ ಹೇಳಾಯ್ತಲ್ಲ" ಅಂದರು. ಹೇಗೋ ಚಿತ್ರ ಮುಗಿಯಿತು. ಚಿತ್ರ ತಯಾರಾದ ಬಗೆಯ ಒಂದು ಪುಟ್ಟ ವಿಡಿಯೊ ಮಾಡೋಣವೆಂದು ಗೆಳೆಯನ ಫೋನಿನ ತುಣುಕುಗಳನ್ನು ಜೋಡಿಸಲು ಕೂತೆ. ಪೂಜೆಯ ತುಣುಕು ಬಂತು. ನಾನು ಹಾಡು ಗುನುಗುತ್ತ ಡಬ್ಬಿಗಳನ್ನು ಒರೆಸುತ್ತಿದ್ದೇನೆ. ಹಳೆಯ ಟೇಪಿನ ಚೂರುಗಳನ್ನು ಉಗುರಿನಿಂದ ಕೆರೆದು ತೆಗೆಯುತ್ತಿದ್ದೇನೆ. ನಾಲ್ಕನೆಯ ಡಬ್ಬಿಯ ಹೊಸ ಕೆಂಪು ಟೇಪನ್ನೂ ಅದೇ ಭರದಲ್ಲಿ ಕಿತ್ತು, ಉಂಡೆಮಾಡಿ ಎಸೆದು, ಆ ಜಾಗಕ್ಕೆ ಸರಿಯಾಗಿ ಕುಂಕುಮ ಹಚ್ಚುತ್ತಿದ್ದೇನೆ.

ಹಿಂದೆ ಹೋಗಿ ಮತ್ತೆ ನೋಡಿದೆ, ಮತ್ತೆ ಮತ್ತೆ ನೋಡಿದೆ. ಇಡೀ ಕಾಲೇಜನ್ನು ಶಂಕಿಸಿದ್ದ ನನಗೆ ನನ್ನ ಕೈಯ ಮೇಲೆ ಒಮ್ಮೆಯೂ ಸಂಶಯ ಬಂದಿರಲಿಲ್ಲ. ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಅಷ್ಟು ಭಾಗವನ್ನು ಕತ್ತರಿಸಿ, ಹಿಂದು ಮುಂದಿನ ತುಣುಕುಗಳನ್ನು ಗೊತ್ತಾಗದಂತೆ ಕೂಡಿಸಿದೆ. ಆ ವಿದ್ಯೆಯನ್ನು ಅದೇ ವರ್ಷ ಕಲಿತಿದ್ದೆ. ಗೆಳೆಯನಿಗೂ ಹೇಳಲಿಲ್ಲ.

ಕೋರ್ಸ್ ಮುಗಿಯುವ ತನಕ ದಿನಾ ಗೇಟಿನಲ್ಲಿ ಅಂಕಲ್ ನನ್ನ ಹೆಸರು ಬರೆದುಕೊಳ್ಳುತ್ತಿದ್ದರು. ಒಂದು ಸಂಜೆ ಪೆನ್ನು ನಿಲ್ಲಿಸಿ, "ಫಿಲ್ಮ್ ಬನ್ ಗಯೀ, ಬೇಟಾ?" ಎಂದರು. ಚಿತ್ರ ಆಯಿತಾ ಎಂದು ಕೇಳಿದ ಆ ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ನಾನು ಹುಡುಕಿದೆ. ಇರಲಿಲ್ಲ. "ಬನ್ ಗಯೀ, ಅಂಕಲ್" ಎಂದು ಸರಸರ ನಡೆದುಬಿಟ್ಟೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇನ್ನಾವುದಿತ್ತು…

ಹೋದ ವರ್ಷ ಗೆಳೆಯ ಫೋನು ಮಾಡಿ ಅಂಕಲ್ ಹೋದರೆಂದು ತಿಳಿಸಿದ. "ಕೊನೇವರೆಗೂ ಗೇಟಿನಾಗೇ ಇದ್ರಂತ," ಅಂದ.

ನಾನು ಕತ್ತರಿಸಿ ತೆಗೆದ ಆ ಏಳು ಸೆಕೆಂಡು ಈಗಲೂ ನನ್ನ ಹತ್ತಿರ ಇದೆ. ಅವರು ಕಲಿಸಿದಂತೆ ಎರಡು ಪ್ರತಿ ಇಟ್ಟಿದ್ದೇನೆ. ಅಂಕಲ್, ಟೇಪು ಕಿತ್ತವಳು ನಾನೇ. ನೀವು ರಿಜಿಸ್ಟರಿನಲ್ಲಿ ಬರೆದದ್ದೇ ನಿಜ.