ನಾಲ್ವರ ಎದುರು ನಾಲ್ವರು

ರೋಣದ ನಮ್ಮ ಕಾಲೇಜಿನಲ್ಲಿ ಈಗ ಬಾಸ್ಕೆಟ್‌ಬಾಲ್ ತಂಡವಿಲ್ಲ. ನಾನು ಅಲ್ಲಿ ಓದುವಾಗ ಇತ್ತು; ಅದನ್ನು ಕಟ್ಟಿದವರು ಆಟ ಕಲಿಸುವ ಮಾಸ್ತರು. ಬಿರುಕುಬಿಟ್ಟ ಎರೆಮಣ್ಣಿನ ಅಂಕಣದಲ್ಲಿ ಚೆಂಡು ಎತ್ತ ಪುಟಿಯುತ್ತದೆಂದು ಹೇಳುವಂತಿರಲಿಲ್ಲ. ಅದಕ್ಕೇ ಅವರು ಚೆಂಡನ್ನು ಕೈಯಿಂದ ಕೈಗೆ ದಾಟಿಸುವುದನ್ನೇ ಹೆಚ್ಚಾಗಿ ಕಲಿಸಿದರು. ಕೊರಳಲ್ಲಿ ಸೀಟಿ ಇದ್ದರೂ ಊದುತ್ತಿರಲಿಲ್ಲ. ಚಪ್ಪಾಳೆ ತಟ್ಟಿ, "ಆಟ ಚಲೋ ಆಗ್ಬೇಕ್ರಪಾ" ಎನ್ನುತ್ತಿದ್ದರು. ಗೆದ್ದಾಗಲೂ ಅದೇ ಮಾತು, ಸೋತಾಗಲೂ ಅದೇ.

ಒಂದು ವರ್ಷ ಗದಗದಲ್ಲಿ ಅಂತರಕಾಲೇಜು ಪಂದ್ಯಾವಳಿಯ ಫೈನಲ್ ತಲುಪಿದೆವು. ಗೆದ್ದು ಬಂದರೆ ಸಿಮೆಂಟಿನ ಅಂಕಣ ಮಾಡಿಸುತ್ತೇನೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು. ಆಟ ಮುಗಿಯುತ್ತ ಬಂದಾಗ ನಾವೇ ಮುಂದಿದ್ದೆವು. ಆಗ ಎದುರಾಳಿಯೊಬ್ಬ ಕಾಲು ಉಳುಕಿ ಬಿದ್ದ. ಅವರಲ್ಲಿ ಬದಲಿ ಆಟಗಾರರಿರಲಿಲ್ಲ, ನಾಲ್ವರೇ ಉಳಿದರು. ಮಾಸ್ತರು ನನ್ನತ್ತ ಕೈಮಾಡಿ, "ನೀ ಹೊರಗ ಬಾರಪಾ" ಎಂದರು.

ತಂಡದಲ್ಲಿ ಹೆಚ್ಚು ಬುಟ್ಟಿ ಹಾಕುತ್ತಿದ್ದವನು ನಾನೇ. "ಸೋತ್ರ ಹ್ಯಾಂಗ್ರಿ ಸರ?" ಎಂದು ಕೂಗಾಡಿದೆ.

"ಅವ್ರು ನಾಕ ಮಂದಿ ಅದಾರ. ನಾವೂ ನಾಕ ಮಂದೀನ ಆಡೂಣು."

ಒಂದೇ ಬುಟ್ಟಿಯಿಂದ ಸೋತೆವು. ರೋಣದ ಬಸ್ಸು ಹತ್ತಿದೆವು. ಪಕ್ಕದಲ್ಲಿ ಕೂತ ಮಾಸ್ತರು ಅರ್ಧ ದಾರಿಯಲ್ಲಿ ಮೆಲ್ಲಗೆ ಕೇಳಿದರು: "ಸಿಟ್ಟ ಬಂದೈತೇನು?"

"ಹೌದ್ರಿ."

"ನನಗೂ ಗೆಲ್ಲಬೇಕಂತ ಭಾಳ ಆಸೆ ಇತ್ತೋ ತಮ್ಮಾ."

ಸಿಮೆಂಟಿನ ಅಂಕಣ ಆಗಲಿಲ್ಲ. ಮರುದಿನ ಬೆಳಿಗ್ಗೆ, ಇನ್ನು ಯಾರೂ ಬರಲಿಕ್ಕಿಲ್ಲ ಎಂದುಕೊಂಡೇ ಮಾಸ್ತರು ಮೈದಾನಕ್ಕೆ ಬಂದರಂತೆ. ನಾವು ಆಗಲೇ ಬೆವರಿಳಿಸುತ್ತ ಆಡುತ್ತಿದ್ದೆವು. ಅವರು ಚೀಲ ಕೆಳಗಿಟ್ಟು, ಬಹಳ ಹೊತ್ತು ನೋಡುತ್ತ ನಿಂತರು.